ತೊಡೆಗೆ ಪೆಟ್ಟು ಬಿದ್ದ ದಿನ ಎಣ್ಣೆ ಶೀಶೆ ಮುಟ್ಟಬೇಡಿ

ಹೊನಲು ಬೆಳಕಿನ ಕಬಡ್ಡಿ ಪಂದ್ಯ. ಬೋನಸ್ ಗೆರೆ ತುಳಿದು ಹಿಂದಿರುಗುತ್ತಿದ್ದ ರೈಡರ್‌ನ ಬಲತೊಡೆಯ ಮುಂಭಾಗಕ್ಕೆ ಎದುರಾಳಿಯ ಮಂಡಿ ಜೋರಾಗಿ ಬಡಿಯಿತು. ಹುಡುಗ ಕುಂಟುತ್ತ ಎದ್ದ. ತಣ್ಣನೆಯ ಸ್ಪ್ರೇ ಹೊಡೆಸಿಕೊಂಡು ಆಟ ಮುಗಿಸಿದ. ರಾತ್ರಿ ತೊಡೆ ಬಿಗಿಯಿತು. ಬೆಳಿಗ್ಗೆ ತಂಡದ ಜೊತೆ ಬಂದಿದ್ದ ಮಾಲೀಶಿನವರು ನೋಡಿ, "ನರ ಹಿಡ್ಕೊಂಡಿದೆ ಮಗಾ, ಬಿಡಿಸ್ತೀನಿ ಬಾ" ಅಂದರು. ಬಿಸಿ ಎಳ್ಳೆಣ್ಣೆಗೆ ಕರ್ಪೂರ ಹಾಕಿ, ಹೆಬ್ಬೆರಳು ಊರಿ, ಮುಕ್ಕಾಲು ಗಂಟೆ ತಿಕ್ಕಿದರು. ಮೇಲಿಂದ ಉಪ್ಪಿನ ಗಂಟಿನ ಶಾಖ ಬೇರೆ. ಸಂಜೆ ಹೊತ್ತಿಗೆ ತೊಡೆ ಬಾತು ಮಿರಮಿರ ಮಿಂಚುತ್ತಿತ್ತು, ಮಂಡಿ ಅರ್ಧಕ್ಕೂ ಮಡಚುತ್ತಿರಲಿಲ್ಲ. "ಇನ್ನೂ ಪೂರ್ತಿ ಬಿಟ್ಟಿಲ್ಲ" ಅಂತ ಮರುದಿನವೂ ಅದೇ ಉಪಚಾರ. ಮೂರನೇ ವಾರಕ್ಕೆ ತೊಡೆಯೊಳಗೆ ನಿಂಬೆಹಣ್ಣಿನ ಗಾತ್ರದ ಗಟ್ಟಿ ಗಂಟು ಕೈಗೆ ಸಿಗುತ್ತಿತ್ತು. ಎಕ್ಸ್-ರೇ ತೆಗೆಸಿದರೆ ಅದು ಎಲುಬು! ಮಾಂಸದೊಳಗೆ ಎಲುಬು ಬೆಳೆದಿತ್ತು. ಆ ಸೀಸನ್ ಅಲ್ಲಿಗೆ ಮುಗಿಯಿತು.

ಡಾಕ್ಟರುಗಳು ಇದನ್ನು ಮಯೋಸೈಟಿಸ್ ಆಸಿಫಿಕನ್ಸ್ ಅನ್ನುತ್ತಾರೆ. ಕಬಡ್ಡಿ, ಫುಟ್‌ಬಾಲ್, ಕುಸ್ತಿ, ಹಾಕಿ, ಎಲ್ಲಿ ಮೈಗೆ ಮೈ ತಾಗುತ್ತದೋ ಅಲ್ಲೆಲ್ಲ ಇದರ ಭಯ ಇದ್ದದ್ದೇ. ಪೆಟ್ಟು ಬಿದ್ದವರಿಗೆಲ್ಲ ಎಲುಬು ಬೆಳೆಯುವುದಿಲ್ಲ, ಮಾಲೀಶು ಮಾಡದಿದ್ದರೂ ಕೆಲವರಿಗೆ ಬೆಳೆಯುತ್ತದೆ. ಆದರೆ ಹಸಿ ಪೆಟ್ಟನ್ನು ತಿಕ್ಕಿ ಆ ಅಪಾಯ ಹೆಚ್ಚಿಸಿಕೊಳ್ಳುವುದು ನಮ್ಮ ಕೈಯಾರೆ ಮಾಡುವ ತಪ್ಪು.

ಒಳಗೆ ಆಗುವುದಿಷ್ಟು. ಮಂಡಿಯ ಏಟಿಗೆ ತೊಡೆಯ ಮಾಂಸಖಂಡ ತೊಡೆಯೆಲುಬಿಗೆ ಒತ್ತಿ ಜಜ್ಜಿಹೋಗುತ್ತದೆ. ಎಲುಬಿಗೆ ಅಂಟಿಕೊಂಡಿರುವ ಒಳಪದರಕ್ಕೇ ಹೆಚ್ಚು ಪೆಟ್ಟು, ಹಾಗಾಗಿ ಮೊದಲ ದಿನ ಹೊರಗೆ ನೀಲಿಗಟ್ಟದೆಯೂ ಇರಬಹುದು. ಹರಿದ ಸಣ್ಣ ರಕ್ತನಾಳಗಳ ಬಾಯಿಗೆ ರಕ್ತ ಹೆಪ್ಪುಗಟ್ಟಿ ಬಿರಡೆ ಹಾಕಿಕೊಳ್ಳುತ್ತದೆ. ಆ ಬಿರಡೆ ಇನ್ನೂ ಹಸಿಯಾಗಿರುವಾಗ ಹೆಬ್ಬೆರಳು ಊರಿದರೆ ಅದು ಕಿತ್ತುಬಂದು ಮತ್ತೆ ರಕ್ತ ಸೋರುತ್ತದೆ. ಶಾಖ ಕೊಟ್ಟರೆ ನಾಳಗಳು ಹಿಗ್ಗಿ ಇನ್ನಷ್ಟು ಸೋರುತ್ತದೆ. ಹೀಗೆ ತುಂಬಿಕೊಂಡ ರಕ್ತದ ಜಾಗವನ್ನು ದುರಸ್ತಿ ಮಾಡಲು ಬರುವ ಜೀವಕೋಶಗಳಲ್ಲಿ ಕೆಲವು ದಾರಿ ತಪ್ಪಿ, ಮಾಂಸ ಕಟ್ಟುವ ಬದಲು ಎಲುಬು ಕಟ್ಟತೊಡಗುತ್ತವೆ.

ಇದರಲ್ಲೊಂದು ಮೋಸವಿದೆ. ಮೊದಲೆರಡು ವಾರ ಎಕ್ಸ್-ರೇಯಲ್ಲಿ ಸಾಮಾನ್ಯವಾಗಿ ಏನೂ ಕಾಣಿಸುವುದಿಲ್ಲ. "ಎಲುಬು ಮುರಿದಿಲ್ಲ, ಏನೂ ಇಲ್ಲ" ಅಂತ ಧೈರ್ಯವಾಗಿ ಮತ್ತೆ ತಿಕ್ಕಲು ಕೂರುವುದು ಇದೇ ಹೊತ್ತಿನಲ್ಲಿ. ಅಲ್ಟ್ರಾಸೌಂಡಿನಲ್ಲಿ ಬೇಗ ಗೊತ್ತಾಗುತ್ತದೆ.

ಹಾಗಾದರೆ ಪೆಟ್ಟು ಬಿದ್ದ ಕ್ಷಣ ಏನು ಮಾಡಬೇಕು? ಆಟದಿಂದ ಹೊರಗೆ ಕರೆತನ್ನಿ. ಸ್ಪ್ರೇ ನೋವನ್ನು ಮರೆಸುತ್ತದೆ, ರಕ್ತವನ್ನು ನಿಲ್ಲಿಸುವುದಿಲ್ಲ. ಆಟಗಾರನನ್ನು ಮಲಗಿಸಿ, ಮಂಡಿಯನ್ನು ನಿಧಾನವಾಗಿ, ನೋವು ತಡೆಯುವಷ್ಟೇ ಮಡಚುತ್ತ ಹೋಗಿ. ಗುರಿ 120 ಡಿಗ್ರಿ. ಕುರ್ಚಿಯಲ್ಲಿ ಕೂತಾಗ ಮಂಡಿ 90ರಲ್ಲಿರುತ್ತದೆ, ಅದಕ್ಕಿಂತ ಇನ್ನಷ್ಟು ಹಿಮ್ಮಡಿ ಪೃಷ್ಠದ ಕಡೆ ಬರಬೇಕು, ಆದರೆ ಕುಕ್ಕರಗಾಲಿನಷ್ಟು ಪೂರ್ತಿ ಅಲ್ಲ. ಆ ಸ್ಥಿತಿಯಲ್ಲೇ ತೊಡೆಯನ್ನೂ ಕೆಳಗಾಲನ್ನೂ ಸೇರಿಸಿ 6 ಇಂಚು ಅಗಲದ ಕ್ರೇಪ್ ಬ್ಯಾಂಡೇಜ್ ಎರಡು ಸುತ್ತಿ ಕಟ್ಟಿ. ಹಿಗ್ಗಿದ ಸ್ನಾಯು ಒಳಗಿನ ರಕ್ತಸ್ರಾವದ ಮೇಲೆ ತಾನೇ ಒತ್ತಡ ಹಾಕುತ್ತದೆ, ಉದ್ದವನ್ನೂ ಉಳಿಸಿಕೊಳ್ಳುತ್ತದೆ. ಕಾಲು ಚಾಚಿ ಮಲಗಿದರೆ ಈ ಎರಡೂ ಸಿಗುವುದಿಲ್ಲ. ಮೇಲೆ ಬಟ್ಟೆ ಹಾಸಿ 15ರಿಂದ 20 ನಿಮಿಷ ಐಸ್, ಎರಡು ಗಂಟೆಗೊಮ್ಮೆ. ಕಟ್ಟು 24 ಗಂಟೆ ಹಾಗೇ ಇರಲಿ, ರಾತ್ರಿ ನಿದ್ದೆಯಲ್ಲೂ. ಓಡಾಡಲು ಊರುಗೋಲು. ಕಾಲ್ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ತಕ್ಷಣ ಸಡಿಲಿಸಿ.

ಕಟ್ಟುವುದಕ್ಕೆ ಹತ್ತು ನಿಮಿಷಕ್ಕಿಂತ ತಡ ಮಾಡಬೇಡಿ. ಅಮೆರಿಕದ ನೌಕಾ ಅಕಾಡೆಮಿಯ 47 ವಿದ್ಯಾರ್ಥಿಗಳಿಗೆ ಇದೇ ರೀತಿ ಹತ್ತು ನಿಮಿಷದೊಳಗೆ ಮಂಡಿ ಮಡಚಿ ಕಟ್ಟಿ ಒಂದು ದಿನ ಬಿಟ್ಟದ್ದರ ವರದಿ 2006ರಲ್ಲಿ ಬಂತು. ಅವರು ಪೂರ್ಣ ಆಟಕ್ಕೆ ಮರಳಿದ್ದು ಸರಾಸರಿ ಮೂರೂವರೆ ದಿನದಲ್ಲಿ.

ಪೆಟ್ಟು ಎಷ್ಟು ದೊಡ್ಡದು ಅನ್ನುವುದನ್ನು ಮರುದಿನ ಅಳೆಯಿರಿ. ಕವುಚಿ ಮಲಗಿಸಿ, ತಾನಾಗಿ ಮಂಡಿ ಮಡಚಲು ಹೇಳಿ. 90 ದಾಟಿದರೆ ಸೌಮ್ಯ, 45ರಿಂದ 90ರ ನಡುವೆ ನಿಂತರೆ ಮಧ್ಯಮ, 45ಕ್ಕೂ ಬಾರದಿದ್ದರೆ ತೀವ್ರ. ಕೊನೆಯ ಎರಡಕ್ಕೂ ಡಾಕ್ಟರೇ ಬೇಕು. ತೊಡೆ ಕಲ್ಲಿನಂತೆ ಬಿಗಿದು, ನೋವು ಗಂಟೆ ಗಂಟೆಗೆ ಏರುತ್ತ, ಜೋಮು ಬರುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಸ್ನಾಯುವಿನ ಕವಚದೊಳಗೆ ಒತ್ತಡ ಏರಿ ರಕ್ತಸಂಚಾರವೇ ನಿಲ್ಲಬಹುದು, ಆ ರಾತ್ರಿಯೇ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಮೆಡಿಕಲ್ ಶಾಪಿನಿಂದ ತಾವೇ ಮಾತ್ರೆ ತಂದು ನುಂಗುವುದೂ ಬೇಡ. ಆಸ್ಪಿರಿನ್ ಅಂತೂ ರಕ್ತ ಹೆಪ್ಪುಗಟ್ಟುವುದನ್ನೇ ತಡೆಯುತ್ತದೆ.

"ನರ ಹಿಡ್ಕೊಂಡಿದೆ" ಅನ್ನುವವರು ಬಹಳ ಸಲ ಇದನ್ನು ಕ್ರ್ಯಾಂಪ್, ಅಂದರೆ ಸ್ನಾಯು ಸೆಳೆತ ಅಂದುಕೊಂಡಿರುತ್ತಾರೆ. ಕ್ರ್ಯಾಂಪಿಗೆ ಏಟು ಬಿದ್ದಿರುವುದಿಲ್ಲ. ಸ್ನಾಯು ಕಣ್ಣೆದುರೇ ಮುದುಡಿಕೊಳ್ಳುತ್ತದೆ, ಎಳೆದು ಹಿಡಿದರೆ ಕೆಲವೇ ನಿಮಿಷದಲ್ಲಿ ಸಡಿಲಾಗುತ್ತದೆ. ಪೆಟ್ಟಿನದು ತದ್ವಿರುದ್ಧ: ಏಟು ಬಿದ್ದದ್ದು ನೆನಪಿರುತ್ತದೆ, ಒಂದೇ ಜಾಗ ಮುಟ್ಟಿದರೆ ನೋವು, ಹೊತ್ತು ಹೋದಂತೆ ಮಡಚುವುದು ಕಷ್ಟವಾಗುತ್ತ ಬರುತ್ತದೆ. ತಿಕ್ಕುವ ಮೊದಲು "ಎಲ್ಲಾದರೂ ತಾಗಿತ್ತಾ?" ಅಂತ ಒಂದು ಮಾತು ಕೇಳಿದ್ದರೆ ಆ ಹುಡುಗನ ಸೀಸನ್ ಬಹುಶಃ ಉಳಿಯುತ್ತಿತ್ತು.

ಗಂಟು ಕಟ್ಟಿಬಿಟ್ಟಿದ್ದರೆ? ಅದನ್ನು "ಕರಗಿಸುತ್ತೇನೆ" ಅನ್ನುವವರಿಂದ ದೂರ ಇರಿ. ಎಳೆಯ ಎಲುಬನ್ನು ಒತ್ತಿದರೆ ಅದು ಕೆರಳಿ ಇನ್ನೂ ಬೆಳೆಯಬಹುದು. ಒತ್ತಾಯದಿಂದ ಮಂಡಿ ಬಗ್ಗಿಸುವುದೂ ಅಷ್ಟೇ ಕೆಟ್ಟದ್ದು. ನೋವಿಲ್ಲದಷ್ಟು ಚಲನೆ, ಫಿಸಿಯೋ ನಿಗಾ, ತಾಳ್ಮೆ, ಇಷ್ಟರಲ್ಲೇ ಬಹುಪಾಲು ಶಮನವಾಗುತ್ತದೆ. ಆಪರೇಷನ್ ಬೇಕಾಗುವುದು ಅಪರೂಪ, ಬೇಕಾದರೂ ಎಲುಬು ಬಲಿಯುವವರೆಗೆ ತಿಂಗಳುಗಟ್ಟಲೆ ಕಾಯಬೇಕು.

ಮಾಲೀಶೇ ಬೇಡವೆಂದಲ್ಲ. ಗರಡಿ ಮನೆಯಲ್ಲಿ ಸಾಮು ಮಾಡಿ ಮೈ ತಿಕ್ಕಿಸಿಕೊಳ್ಳುವುದಕ್ಕೂ ಜಜ್ಜಿದ ತೊಡೆ ತಿಕ್ಕುವುದಕ್ಕೂ ಸಂಬಂಧವಿಲ್ಲ, ಅಷ್ಟೆ. ಏಟಿಲ್ಲದೆ, ಕಸರತ್ತಿನಿಂದಲೇ ಬಂದ ಮೈಕೈ ನೋವಿಗೆ 10-15 ನಿಮಿಷದ ಹಗುರ ನೀವುವಿಕೆ ಹಿತ. ಪಂದ್ಯಕ್ಕೆ ಮುಂಚೆ ಐದು ನಿಮಿಷ ಮೇಲುಮೇಲಿನ ಚುರುಕು ಉಜ್ಜು ಸಾಕು, ಆಳಕ್ಕೆ ಒತ್ತಿದರೆ ಕಾಲು ಸಡಿಲಾಗಿ ಚುರುಕು ತಗ್ಗಬಹುದು. ಇನ್ನು "ಲ್ಯಾಕ್ಟಿಕ್ ಆಸಿಡ್ ತೆಗೀತೀನಿ" ಅನ್ನುವ ಮಾತಿಗೆ ದುಡ್ಡು ಕೊಡಬೇಡಿ. ಅದು ಜೋರು ಕಸರತ್ತಿನಲ್ಲಿ ಸ್ನಾಯುವಿನೊಳಗೆ ಹುಟ್ಟುವ ವಸ್ತು, ಆಟ ನಿಲ್ಲಿಸಿದ ಒಂದು ಗಂಟೆಯೊಳಗೆ ದೇಹ ಅದನ್ನು ತಾನೇ ಖರ್ಚು ಮಾಡಿಕೊಂಡಿರುತ್ತದೆ. 29 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2020ರ ವಿಮರ್ಶೆಯೊಂದರಲ್ಲಿ ಮಾಲೀಶಿನಿಂದ ಓಟವಾಗಲಿ, ಜಿಗಿತವಾಗಲಿ, ಬಲವಾಗಲಿ ಹೆಚ್ಚಿದ್ದು ಕಂಡುಬರಲಿಲ್ಲ. ಮೈ ಬಾಗುವಿಕೆಯಲ್ಲಿ, ನೋವು ತಗ್ಗುವುದರಲ್ಲಿ ಮಾತ್ರ ಸ್ವಲ್ಪ ಗುಣ ಕಂಡಿತು.

ದೂರದ ಪಂದ್ಯಕ್ಕೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವರ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೂ ತಿಕ್ಕಬೇಡಿ. ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋದೀತು.

ಪೆಟ್ಟಿನ ತೊಡೆಗೆ ಕೈ ಹಾಕುವ ಕಾಲವೂ ಬರುತ್ತದೆ. ಮೊದಲ ಮೂರು ದಿನವಂತೂ ಇಲ್ಲ. ಊತ ಇಳಿದು, ಮಂಡಿ ದಿನದಿನಕ್ಕೆ ಹೆಚ್ಚು ಮಡಚುತ್ತಿದ್ದರೆ, ಫಿಸಿಯೋ ನೋಡಿ ಒಪ್ಪಿದ ಮೇಲೆ, ಪೆಟ್ಟಿನ ಜಾಗ ಬಿಟ್ಟು ಸುತ್ತಮುತ್ತ ಹಗುರವಾಗಿ ಶುರು ಮಾಡಬಹುದು. ತಿಕ್ಕಿದ ಮರುದಿನ ಕವುಚಿ ಮಲಗಿಸಿ ಹಿಮ್ಮಡಿಗೂ ಪೃಷ್ಠಕ್ಕೂ ಎಷ್ಟು ಬೆರಳು ಅಂತರ ಅಂತ ಮತ್ತೆ ನೋಡಿ. ನಿನ್ನೆ ಆರು ಬೆರಳಿದ್ದದ್ದು ಇಂದು ಎಂಟಾಗಿದ್ದರೆ ಎಣ್ಣೆ ಒಳಗಿಡಿ, ಐಸ್ ಹೊರತೆಗೆಯಿರಿ.