ಒಂದೇ ಗೆರೆಗೆ ಮೂರು ಪಾದ

ಭೂಮಿಯ ಮಧ್ಯದಿಂದ 6.6 ಭೂತ್ರಿಜ್ಯ ದೂರದಲ್ಲಿ ಒಂದು ಭೂಸ್ಥಿರ ಉಪಗ್ರಹ. ಅಲ್ಲಿ ಹಾದುಹೋಗುವ ಕಾಂತರೇಖೆಯನ್ನು ಹಿಡಿದು ಕೆಳಗಿಳಿದರೆ ವಾತಾವರಣದ ಮೇಲ್ಪದರವಾದ ಅಯಾನುಗೋಳದಲ್ಲಿ ಎಲ್ಲಿಗೆ ಬರುತ್ತೇವೆ? ಆ ಜಾಗವೇ ರೇಖೆಯ ಪಾದ. ಭೂಮಿ ಸುಮ್ನೆ ಒಂದು ಬಾರ್ ಮ್ಯಾಗ್ನೆಟ್ ಅಂದುಕೊಂಡರೆ ಲೆಕ್ಕ ಸುಲಭ: ಕಾಂತೀಯ ಅಕ್ಷಾಂಶ ಸುಮಾರು 67 ಡಿಗ್ರಿ. ಆದರೆ ಸೌರ ಮಾರುತ, ಅಂದರೆ ಸೂರ್ಯನಿಂದ ಹರಿದುಬರುವ ಕಣಗಳು, ರಾತ್ರಿ ಕಡೆಯ ರೇಖೆಗಳನ್ನು ಬಾಲದ ಹಾಗೆ ಎಳೆದಿರುತ್ತದೆ. ಎಷ್ಟು ಎಳೆದಿದೆ ಅನ್ನುವುದರಲ್ಲೇ ಜಗಳ.

ವಿಜ್ಞಾನಿ ತ್ಸಿಗನೆಂಕೊ ಅವರ ಮೂರು ಕಾಂತಕ್ಷೇತ್ರ ಮಾಡೆಲ್‌ಗಳನ್ನು ಜಿಯೋಪ್ಯಾಕ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಓಡಿಸಿ ನೋಡಿದೆ: ಟಿ89, ಟಿ96, ಟಿಎಸ್04. ಶಾಂತ ದಿನದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಕಷ್ಟ ಶುರುವಾಗಿದ್ದು 2015ರ ಮಾರ್ಚ್ 17ರ ಭೂಕಾಂತೀಯ ಬಿರುಗಾಳಿಯಲ್ಲಿ.

ಟಿ89ಕ್ಕೆ ಭೂಮಿಯ ಕಾಂತಕ್ಷೇತ್ರ ಎಷ್ಟು ಕದಡಿದೆ ಅಂತ ಹೇಳುವ ಕೆಪಿ ಸೂಚ್ಯಂಕ ಒಂದನ್ನು ಕೊಟ್ಟರೆ ಸಾಕು. ಎರಡು ನಿಮಿಷದ ಕೆಲಸ. ಆದರೆ ಕೆಪಿ ಮೂರು ಗಂಟೆಗೊಮ್ಮೆ ಬರುವ ಸಂಖ್ಯೆ, ಮೇಲಾಗಿ ಈ ಮಾಡೆಲ್‌ಗೆ ಕೆಪಿ 6 ಆದರೂ 8 ಆದರೂ ಒಂದೇ. ಟಿ96 ಸೌರ ಮಾರುತದ ಒತ್ತಡ, ಅದರ ಕಾಂತಕ್ಷೇತ್ರ, ಬಿರುಗಾಳಿಯ ಜೋರು ಹೇಳುವ ಡಿಎಸ್‌ಟಿ ಸೂಚ್ಯಂಕ (ಕೆಳಗಿಳಿದಷ್ಟೂ ಜೋರು) ಎಲ್ಲ ಕೇಳುತ್ತದೆ. ಡಿಎಸ್‌ಟಿ -100 ನ್ಯಾನೋಟೆಸ್ಲಾ ತನಕ ಮಾತ್ರ ಅದನ್ನು ನಂಬಬಹುದು. ಅವತ್ತು ಅದು -200ಕ್ಕಿಂತ ಕೆಳಗಿತ್ತು! ಪ್ರೋಗ್ರಾಂ ತಕರಾರಿಲ್ಲದೆ ಉತ್ತರ ಕೊಟ್ಟಿತು, ಅದೇ ಅಪಾಯ.

ಟಿಎಸ್04 ಅನ್ನು 37 ಬಿರುಗಾಳಿಗಳ ಅಳತೆಯಿಂದ ಕಟ್ಟಿದ್ದಾರೆ. ಹಿಂದಿನ ಗಂಟೆಗಳಲ್ಲಿ ಏನಾಯಿತು ಅನ್ನುವುದೂ ಅದರ ಲೆಕ್ಕಕ್ಕೆ ಬರುತ್ತದೆ. ಸೌರ ಮಾರುತದ ಡೇಟಾ ನಡುವೆ ತುಂಡಾದರೆ ಮಾತ್ರ ಕೈಕಟ್ಟಿ ಕೂರಬೇಕು. ಬಿರುಗಾಳಿಗೆ ನನ್ನ ಆಯ್ಕೆ ಇದೇ, ಬೇಗ ಒಂದು ಅಂದಾಜು ಬೇಕಾದರೆ ಟಿ89.

ಮೂರೂ ಒಪ್ಪಿದರೆ ಉತ್ತರ ಸರಿ ಅಂತ ಮೊದಲು ಅಂದುಕೊಂಡಿದ್ದೆ. ಮೂರೂ ಒಂದೇ ಮನೆಯ ಮಕ್ಕಳು, ಒಟ್ಟಿಗೇ ತಪ್ಪಬಹುದು ಅಲ್ವಾ? ಗೋಸ್ ಅನ್ನುವ ಭೂಸ್ಥಿರ ಉಪಗ್ರಹದ ಕಾಂತಕ್ಷೇತ್ರದ ಅಳತೆ ಮಾಡೆಲ್‌ಗೆ ಹೊಂದಿದರೂ ಅದು ಆ ಒಂದು ಜಾಗದ ಮಾತು, ಕೆಳಗಿನ ಪೂರ್ತಿ ದಾರಿಯದ್ದಲ್ಲ. ನನಗೆ ಜಾಸ್ತಿ ನಂಬಿಕೆ ಬಂದದ್ದು ಅಮೆರಿಕದ ಹವಾಮಾನ ಸಂಸ್ಥೆ ನೋವಾದ (NOAA) ಕೆಳಕಕ್ಷೆಯ ಉಪಗ್ರಹಗಳ ಪ್ರೋಟಾನ್ ಅಳತೆಯ ಮೇಲೆ. ರೇಖೆ ತುಂಬಾ ಎಳೆದು ಚೂಪಾಗಿ ಬಾಗಿದ್ದರೆ ಪ್ರೋಟಾನ್‌ಗಳು ಅಲ್ಲಿ ದಿಕ್ಕುತಪ್ಪಿ ವಾತಾವರಣಕ್ಕೆ ಬೀಳುತ್ತವೆ. ಅದು ಯಾವ ಅಕ್ಷಾಂಶದಲ್ಲಿ ಶುರುವಾಗುತ್ತದೆ ಅಂತ ನೋಡಿದರೆ ಎಳೆತ ಎಷ್ಟಿದೆ ಅಂತ ತಿಳಿಯುತ್ತದೆ. ಮಾಡೆಲ್ ಹೇಳಿದ್ದಕ್ಕಿಂತ ಎಳೆತ ಜಾಸ್ತಿ ಇದ್ದರೆ, ನಿಜವಾದ ಪಾದ ಇನ್ನೂ ಸಮಭಾಜಕದ ಕಡೆಗೆ ಇರುತ್ತದೆ. ಒಂದು ಡಿಗ್ರಿ ತಪ್ಪಿದರೂ ಸುಮಾರು 110 ಕಿಲೋಮೀಟರ್.

ಈಗ ನಕ್ಷೆಯಲ್ಲಿ ಒಂದು ಚುಕ್ಕಿ ಇಡುವುದಿಲ್ಲ. ಮೂರು ಚುಕ್ಕಿ ಇಟ್ಟು, ಅವುಗಳ ಸುತ್ತ ಸಮಭಾಜಕದ ಕಡೆಗೆ ಸ್ವಲ್ಪ ಉದ್ದವಾಗಿ ಒಂದು ಮೊಟ್ಟೆ ಬರೆಯುತ್ತೇನೆ.