ರೀಲು ಕೊರಿಯರ್ ಮಾಡುವ ಮುನ್ನ ಕಾಕಾ ಅವರ ಎತ್ತುಗಳ ಕಥೆ ಕೇಳಿ

ಅಪ್ಪನ ಹಳೆಯ ಪೆಂಟಾಕ್ಸ್ ಫಿಲ್ಮ್ ಕ್ಯಾಮೆರಾವನ್ನು ರಿಪೇರಿ ಮಾಡಿಸಿಕೊಂಡು ಎರಡು ವರ್ಷವಾಯಿತು. ವಿಜಯಪುರದಲ್ಲಿ ನಾನು ವಿಚಾರಿಸಿದ ಯಾವ ಸ್ಟುಡಿಯೊದಲ್ಲೂ ಈಗ ರೀಲು ತೊಳೆಯುವುದಿಲ್ಲ, ಅಂದರೆ ಫಿಲ್ಮನ್ನು ರಾಸಾಯನಿಕದಲ್ಲಿ ಅದ್ದಿ ಚಿತ್ರ ಮೂಡಿಸಿಕೊಡುವುದಿಲ್ಲ. ಒಬ್ಬರಂತೂ ರೀಲಿನ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಖುಷಿಯಿಂದ ಚಹಾ ಕುಡಿಸಿ ಕಳುಹಿಸಿದರು. ಹೀಗಾಗಿ ದೂರದ ಊರಿನ ಲ್ಯಾಬ್‌ಗೆ ಕೊರಿಯರ್ ಮಾಡಬೇಕಾಯಿತು.

ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಮೂರು ಕಲರ್ ರೀಲು ಮುಗಿಸಿದ್ದೆ. ಒಂದರ ತುಂಬ ನಂದಿಕೋಲಿನ ಮೆರವಣಿಗೆ. ಇನ್ನೊಂದರಲ್ಲಿ ದನಗಳ ಜಾತ್ರೆ, ಅದರಲ್ಲೂ ಕಾಕಾ ಅವರ ಖಿಲಾರಿ ಜೋಡಿ. ಆ ಎತ್ತುಗಳನ್ನು ಅಲ್ಲಿಯೇ ಮಾರಿದರು. ವ್ಯಾಪಾರ ಕುದುರಿದ ಮೇಲೆ ಕಾಕಾ ಕೊಂಬಿನ ಗೊಂಡೆಗಳನ್ನು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದಾಗ ನಾಲ್ಕು ಫೋಟೋ ತೆಗೆದಿದ್ದೆ. ಈ ಎರಡು ರೀಲುಗಳನ್ನೇ ಮೊದಲು ಕಳುಹಿಸಿದೆ.

ಆ ಲ್ಯಾಬಿನ ದರ ಉಳಿದವರಿಗಿಂತ ಕಡಿಮೆ. ನೆಗೆಟಿವ್, ಅಂದರೆ ತೊಳೆದ ಫಿಲ್ಮ್, ವಾಪಸ್ ಬೇಕಾದರೆ ಮಾತ್ರ 150 ರೂಪಾಯಿ ಹೆಚ್ಚು. ಸ್ಕ್ಯಾನ್ ಬರುತ್ತದಲ್ಲ, ನೆಗೆಟಿವ್ ಯಾಕೆ ಎಂದು ಜಿಪುಣತನ ಮಾಡಿದೆ. ಒಂದು ವಾರ ಎಂದವರು ಏಳು ವಾರ ಕಾಯಿಸಿದರು. ಕೊನೆಗೆ ಬಂದ ಚಿತ್ರಗಳು ಕಲಗಚ್ಚಿನ ಬಣ್ಣದವು. ಬಿಳಿ ಎತ್ತು, ಧೂಳು, ಆಕಾಶ ಎಲ್ಲವೂ ಒಂದೇ. 'ಹೈ ರೆಸಲ್ಯೂಶನ್' ಎಂದು ಹೇಳಿಕೊಂಡಿದ್ದ ಸ್ಕ್ಯಾನಿನ ಅಳತೆ 1800×1200 ಪಿಕ್ಸೆಲ್. ಆರಿಂಚು ಉದ್ದದ ಪ್ರಿಂಟಿಗೆ ಅದು ಸಾಕು, ಗೋಡೆಗೆ ತೂಗುಹಾಕಲು ಸಾಲದು.

ಕೇಳಿದ್ದಕ್ಕೆ, ದಾರಿಯಲ್ಲಿ ಬಿಸಿಲಿಗೆ ಫಿಲ್ಮ್ ಕೆಟ್ಟಿದೆ ಎಂದರು. ಕಳುಹಿಸಿದ್ದು ಜನವರಿಯ ಚಳಿಯಲ್ಲಿ! ಅದನ್ನು ಹೇಳಿದ ಮೇಲೆ ತಪ್ಪು ಕ್ಯಾಮೆರಾದ ಶಟರಿನದಾಯಿತು. ನಿಜ ಹೇಳಬೇಕೆಂದರೆ ಇದನ್ನು ನಾನು ನಂಬಿಬಿಟ್ಟಿದ್ದೆ.

ಊರಿನ ಹಿರಿಯ ಛಾಯಾಗ್ರಾಹಕರೊಬ್ಬರು ಕಣ್ಣು ತೆರೆಸಿದರು. "ಮೊದಲು ನೆಗೆಟಿವ್ ತರಿಸು, ಚಿತ್ರ ಬಿಡು, ಅಂಚು ನೋಡು" ಎಂದರು. ಫಿಲ್ಮಿನ ಅಂಚಿನಲ್ಲಿ ಕಂಪನಿಯ ಹೆಸರು ಮತ್ತು ಫ್ರೇಮ್ ಸಂಖ್ಯೆಗಳು ಇರುತ್ತವೆ. ಅವುಗಳನ್ನು ಕಾರ್ಖಾನೆಯಲ್ಲಿಯೇ ಬೆಳಕಿನಿಂದ ಅಚ್ಚೊತ್ತಿರುತ್ತಾರೆ. ನಮ್ಮ ಕ್ಯಾಮೆರಾಕ್ಕೂ ಅವಕ್ಕೂ ಸಂಬಂಧವಿಲ್ಲ. ಅಂಚಿನ ಅಕ್ಷರ ಗಾಢವಾಗಿದ್ದು ಚಿತ್ರ ಮಾತ್ರ ತೆಳುವಾಗಿದ್ದರೆ ಬೆಳಕು ಕಡಿಮೆ ಬಿದ್ದಿದೆ, ಅಂದರೆ ತಪ್ಪು ನಮ್ಮದು ಅಥವಾ ಕ್ಯಾಮೆರಾದ್ದು. ಅಕ್ಷರವೂ ತೆಳುವಾಗಿದ್ದರೆ ತೊಳೆದವರನ್ನೇ ಕೇಳಬೇಕು. ಕಲರ್ ನೆಗೆಟಿವನ್ನು ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್‌ನಲ್ಲಿ ಸುಮಾರು 38 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ನಿಮಿಷ 15 ಸೆಕೆಂಡು ಇಡಬೇಕು. ಕಾವು ಇಳಿದರೂ, ಕಸುವು ಹೋದ ದ್ರಾವಣವನ್ನೇ ಮತ್ತೆ ಮತ್ತೆ ಬಳಸಿದರೂ ಚಿತ್ರ ಸರಿಯಾಗಿ ಮೂಡುವುದಿಲ್ಲ.

ಗೋಗರೆದು, 150ರ ಜೊತೆಗೆ ಕೊರಿಯರ್ ಖರ್ಚನ್ನೂ ಕೊಟ್ಟು ನೆಗೆಟಿವ್ ತರಿಸಿದೆ. ಕವರ್ ಇಲ್ಲ, ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಕಿಟಕಿಗೆ ಹಿಡಿದರೆ ಅಂಚಿನ ಸಂಖ್ಯೆಗಳನ್ನು ಕಣ್ಣು ಕಿರಿದು ಮಾಡಿ ಓದಬೇಕು. ಸಾಲದ್ದಕ್ಕೆ ಕತ್ತರಿಯನ್ನು ಎರಡು ಫ್ರೇಮುಗಳ ನಡುವೆ ಆಡಿಸದೆ ಫ್ರೇಮಿನ ಮೇಲೆಯೇ ಆಡಿಸಿದ್ದಾರೆ: ಕೊಂಬು, ಗೊಂಡೆ ಒಂದು ತುಂಡಿನಲ್ಲಿ, ಕಾಕಾ ಅವರ ಕೈ ಇನ್ನೊಂದರಲ್ಲಿ.

ಮೂರನೆಯ ರೀಲನ್ನು ಬೇರೆ ಕಡೆ ತೊಳೆಸಿದೆ. ಅದೇ ಕ್ಯಾಮೆರಾ, ಅದೇ ಜಾತ್ರೆ. ಬೆಂಡು ಬತ್ತಾಸಿನ ಗುಲಾಬಿ ಬಣ್ಣ ಕೂಡ ಇದ್ದ ಹಾಗೆಯೇ ಬಂದಿದೆ. ಆದರೆ ಅದರಲ್ಲಿ ಎತ್ತುಗಳಿಲ್ಲ.

ಹೊಸ ಲ್ಯಾಬ್‌ಗೆ ಮೊದಲ ಸಲ ಕಳುಹಿಸುವಾಗ ಹೋದರೆ ಹೋಗಲಿ ಎನ್ನುವಂಥ ಒಂದೇ ರೀಲು ಕಳುಹಿಸಿ. ಸ್ಕ್ಯಾನ್ ಎಷ್ಟು ಪಿಕ್ಸೆಲ್ ಎಂದು ಬರಹದಲ್ಲಿ ಕೇಳಿ. ನೆಗೆಟಿವ್ ಮಾತ್ರ ಏನೇ ಆದರೂ ಬಿಡಬೇಡಿ. ಸ್ಕ್ಯಾನ್ ಕೆಟ್ಟರೆ ಅದರಿಂದ ಮತ್ತೆ ಮಾಡಿಸಬಹುದು, ಜಗಳಕ್ಕೆ ಬಿದ್ದರೆ ಸಾಕ್ಷಿಯೂ ಅದೇ.

ಅಂಚಿನ ಫೋಟೋ ತೆಗೆದು ಆ ಲ್ಯಾಬ್‌ಗೆ ಕಳುಹಿಸಿದೆ. ಉತ್ತರವಾಗಿ ಮುಂದಿನ ರೀಲಿಗೆ ರಿಯಾಯಿತಿ ಕೂಪನ್ ಬಂದಿದೆ.