ಬಾಡಿಗೆಗೆ ವಾಯ್ಸ್ ಸರ್ವರ್: ಮಂಬಲ್, ಟೀಮ್‌ಸ್ಪೀಕ್ 3, ವೆಂಟ್ರಿಲೊ ಹೋಲಿಕೆ

ಗೇಮಿಂಗ್ ತಂಡಗಳಿಗೆ ವಾಯ್ಸ್ ಚಾಟ್ ಸರ್ವರ್ ಬಾಡಿಗೆಗೆ ಕೊಡಲು ಹೊರಟ ಸಣ್ಣ ಕಂಪನಿ ಧ್ವನಿಯ ಗುಣಮಟ್ಟ ಹೋಲಿಸುತ್ತಾ ಕೂತರೆ ದಿನ ಕಳೆಯುತ್ತದೆ, ತೀರ್ಮಾನ ಸಿಗುವುದಿಲ್ಲ. ಮಂಬಲ್‌ಗೂ ಟೀಮ್‌ಸ್ಪೀಕ್ 3ಕ್ಕೂ ಓಪಸ್ ಎಂಬ ಕೊಡೆಕ್ಕೇ (ಧ್ವನಿಯನ್ನು ಕುಗ್ಗಿಸಿ ಕಳಿಸುವ ವಿಧಾನ) ಆಧಾರ. ಒಂದೇ ಮೈಕ್, ಒಂದೇ ಬಿಟ್‌ರೇಟ್ ಇಟ್ಟು ಕೇಳಿದರೆ ಯಾವುದು ಯಾವುದೆಂದು ಗುರುತಿಸುವುದು ಕಷ್ಟ. ಲೈಸೆನ್ಸ್ ವಿಷಯದಲ್ಲಿ ಮತ್ತು ಹತ್ತಾರು ಗಿರಾಕಿಗಳ ಸರ್ವರ್‌ಗಳನ್ನು ಒಂದೇ ಯಂತ್ರದಲ್ಲಿ ಸಾಕಬೇಕಾದಾಗ ಎರಡರ ದಾರಿ ಬೇರೆಯಾಗುತ್ತದೆ.

ವೆಂಟ್ರಿಲೊ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಚಿತ ಸರ್ವರ್‌ನಲ್ಲಿ 8 ಜನರಿಗಷ್ಟೇ ಜಾಗ, ಪೋರ್ಟ್ (ಸಂಪರ್ಕದ ಬಾಗಿಲ ಸಂಖ್ಯೆ) 3784, ಹಳೆಯ ಆವೃತ್ತಿಗಳಲ್ಲಿ ಜಿಎಸ್‌ಎಂ ಮತ್ತು ಸ್ಪೀಕ್ಸ್ ಕೊಡೆಕ್. ಹಳೆಯ ತಂಡವೊಂದು ಅದೇ ಬೇಕೆಂದು ಹಟ ಹಿಡಿದರೆ ಮಾತ್ರ ಯೋಚಿಸಿ.

ಟೀಮ್‌ಸ್ಪೀಕ್ 3 ಏಳುವುದು ಬೇಗ. ಲೈಸೆನ್ಸ್ ಒಪ್ಪಿಗೆ ಕೊಟ್ಟು ಮೊದಲ ಸಲ ಓಡಿಸಿದಾಗ ತೆರೆಯ ಮೇಲೆ ಒಂದು ಪ್ರಿವಿಲೇಜ್ ಕೀ ಬರುತ್ತದೆ. ಅದನ್ನು ಆಗಲೇ ಬರೆದಿಟ್ಟುಕೊಂಡು ಕ್ಲೈಂಟ್‌ನಲ್ಲಿ ಹಾಕಿದವರೇ ಅಡ್ಮಿನ್. ಧ್ವನಿಗೆ ಯೂಡಿಪಿ (ಕಳೆದದ್ದಕ್ಕೆ ಕಾಯದ ಸಾಗಣೆ) ಪೋರ್ಟ್ 9987, ಫೈಲ್‌ಗಳಿಗೆ ಟಿಸಿಪಿ (ಕಳೆದದ್ದನ್ನು ಮತ್ತೆ ಕಳಿಸುವ ಸಾಗಣೆ) ಪೋರ್ಟ್ 30033. ಆದರೆ ಲೈಸೆನ್ಸ್ ಇಲ್ಲದೆ ಸಿಗುವುದು ಒಂದೇ ವರ್ಚುವಲ್ ಸರ್ವರ್ (ಒಂದೇ ತಂತ್ರಾಂಶದೊಳಗಿನ ಪ್ರತ್ಯೇಕ ಸರ್ವರ್), 32 ಸ್ಲಾಟ್, ಅಂದರೆ 32 ಜನರಿಗೆ ಜಾಗ. ಬಾಡಿಗೆ ವ್ಯವಹಾರಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕು, ಅಂದರೆ ಮೊದಲ ಗಿರಾಕಿ ಬರುವ ಮುಂಚೆಯೇ ಖರ್ಚು. ಇನ್ನೊಂದು ತೊಡಕು ಸರ್ವರ್‌ಗೆ ಆಜ್ಞೆ ಕೊಡುವ ಸರ್ವರ್‌ಕ್ವೆರಿಯದು. ಬಿಲ್ಲಿಂಗ್ ಪ್ಯಾನೆಲ್ ಹೊಸ ಸರ್ವರ್ ಹುಟ್ಟಿಸುವುದು ಇದರ ಮೂಲಕವೇ. ಪ್ಯಾನೆಲ್ ಸ್ವಲ್ಪ ಅವಸರ ಮಾಡಿ ಆಜ್ಞೆಗಳನ್ನು ಸುರಿದರೆ ಸರ್ವರ್ ಅದನ್ನು ಫ್ಲಡ್ ಎಂದು ತಿಳಿದು ಪ್ಯಾನೆಲ್ಲನ್ನೇ ಬ್ಯಾನ್ ಮಾಡಿಬಿಡುತ್ತದೆ. ಪ್ಯಾನೆಲ್‌ನ ಐಪಿಯನ್ನು ವೈಟ್‌ಲಿಸ್ಟ್ ಫೈಲಿಗೆ ಮೊದಲೇ ಸೇರಿಸಿ. ಸರ್ವರ್‌ಕ್ವೆರಿಯ ಪೋರ್ಟ್ 10011ರಲ್ಲಿ ಪಾಸ್‌ವರ್ಡ್ ಬಟಾಬಯಲಾಗಿ ಹೋಗುತ್ತದೆ. ಹೊರಗಿನಿಂದ ಬಳಸುವುದಾದರೆ ಎಸ್‌ಎಸ್‌ಎಚ್ (ಗೂಢಲಿಪಿಯ ಸಂಪರ್ಕ) ಇರುವ 10022 ಇಟ್ಟುಕೊಳ್ಳಿ.

ಮಂಬಲ್ ಮುಕ್ತ ತಂತ್ರಾಂಶ, ಬಿಎಸ್‌ಡಿ ಲೈಸೆನ್ಸ್. ಸ್ಲಾಟ್ ಲೆಕ್ಕ ನಿಮ್ಮದೇ, ಯಾರಿಗೂ ಕಪ್ಪ ಕೊಡಬೇಕಿಲ್ಲ. ಮೊದಲು ಎಲ್ಲ ಹಕ್ಕೂ ಇರುವ ಸೂಪರ್‌ಯೂಸರ್ ಖಾತೆಗೆ ಪಾಸ್‌ವರ್ಡ್ ಹಾಕಿ, ಮರೆತವರೇ ಹೆಚ್ಚು. ವರ್ಚುವಲ್ ಸರ್ವರ್‌ಗಳನ್ನು ಐಸ್ ಎಂಬ ಇಂಟರ್‌ಫೇಸ್ ಮೂಲಕ ಹುಟ್ಟಿಸಬೇಕು. ಅದನ್ನು ಅದೇ ಯಂತ್ರಕ್ಕಷ್ಟೇ ಸಿಗುವ ವಿಳಾಸ 127.0.0.1ರ ಪೋರ್ಟ್ 6502ರಲ್ಲೇ ಕಟ್ಟಿಹಾಕಿ, ಬರೆಯುವ ಹಕ್ಕಿಗೆ ರಹಸ್ಯ ಪದ ಕೊಡಿ. ಇಲ್ಲಿ ಟೀಮ್‌ಸ್ಪೀಕ್‌ನಷ್ಟು ಸಲೀಸಿಲ್ಲ. ಸ್ಕ್ರಿಪ್ಟ್ ಬರೆಯಬಲ್ಲ ಒಬ್ಬರು ಕಂಪನಿಯಲ್ಲಿ ಇರಲೇಬೇಕು.

ಮಂಬಲ್‌ನಲ್ಲಿ ಕಾಲು ಜಾರುವ ಜಾಗ ಮೂರಿವೆ. ಮೊದಲನೆಯದು ಫೈರ್‌ವಾಲ್. ಪೋರ್ಟ್ 64738ನ್ನು ಟಿಸಿಪಿ, ಯೂಡಿಪಿ ಎರಡರಲ್ಲೂ ತೆರೆಯಬೇಕು. ಟಿಸಿಪಿ ಮಾತ್ರ ತೆರೆದರೂ ಎಲ್ಲರೂ ಸೇರುತ್ತಾರೆ, ಮಾತೂ ಕೇಳುತ್ತದೆ, ಹಾಗಾಗಿ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಆದರೆ ಧ್ವನಿ ಟಿಸಿಪಿಯೊಳಗೆ ನುಸುಳಿ ಬರುತ್ತಿರುತ್ತದೆ. ಒಂದು ಪ್ಯಾಕೆಟ್ ಕಳೆದರೆ ಅದು ಮತ್ತೆ ಬರುವವರೆಗೆ ಅದರ ನಂತರದವೆಲ್ಲ ಕಾಯುತ್ತವೆ, ಮಾತು ತಡೆದು ತಡೆದು ಒಮ್ಮೆಲೇ ನುಗ್ಗುತ್ತದೆ. ಗಿರಾಕಿ ‘ಲ್ಯಾಗ್’ ಎಂದು ದೂರಿದಾಗ ಮೊದಲು ನೋಡಬೇಕಾದ್ದು ಇದನ್ನೇ. ಎರಡನೆಯದು ಆಟೊಬ್ಯಾನ್: 120 ಸೆಕೆಂಡಿನಲ್ಲಿ ಒಂದೇ ಐಪಿಯಿಂದ 10 ಪ್ರಯತ್ನ ಕಂಡರೆ 300 ಸೆಕೆಂಡು ಬಾಗಿಲು ಬಂದ್. ಯಶಸ್ವಿಯಾಗಿ ಸೇರಿದವರೂ ಲೆಕ್ಕಕ್ಕೆ ಬರುವುದರಿಂದ, ಒಂದೇ ರೌಟರ್ ಹಿಂದೆ ಕೂತ ಇಡೀ ಪಂದ್ಯಾವಳಿ ಆಟ ಶುರುವಾಗುವ ಹೊತ್ತಿಗೇ ಹೊರಗುಳಿಯಬಹುದು. ಮೂರನೆಯದು ಬ್ಯಾಂಡ್‌ವಿಡ್ತ್ ಮಿತಿ, ಅಂದರೆ ಒಬ್ಬ ಬಳಕೆದಾರ ಕಳಿಸಬಹುದಾದ ದತ್ತಾಂಶದ ಮಿತಿ. ಹಳೆಯ ಆವೃತ್ತಿಗಳಲ್ಲಿ ಸೆಕೆಂಡಿಗೆ 72000 ಬಿಟ್ ಇದ್ದ ಡಿಫಾಲ್ಟ್ 1.4ರಿಂದ 558000 ಆಗಿದೆ. ಬಾಡಿಗೆ ಸರ್ವರ್‌ಗೆ ಹಳೆಯ ಅಂಕಿಯೇ ಸಾಕು. ಟೀಮ್‌ಸ್ಪೀಕ್‌ನಲ್ಲೂ ಚಾನೆಲ್‌ನ ಕೊಡೆಕ್ ಬದಲಿಸುವ ಹಕ್ಕನ್ನು ಗಿರಾಕಿಗೆ ಬಿಟ್ಟರೆ ಯಾರೋ ಒಬ್ಬರು ಹೆಚ್ಚು ಬ್ಯಾಂಡ್‌ವಿಡ್ತ್ ತಿನ್ನುವ ಓಪಸ್ ಮ್ಯೂಸಿಕ್‌ಗೆ ಏರಿಸಿಯೇ ಏರಿಸುತ್ತಾರೆ.

ಟ್ರಾಫಿಕ್ ಲೆಕ್ಕ ಎರಡಕ್ಕೂ ಒಂದೇ. ಸರ್ವರ್ ಧ್ವನಿಗಳನ್ನು ಬೆರೆಸುವುದಿಲ್ಲ. ಬಂದ ಪ್ಯಾಕೆಟ್ಟನ್ನು ಉಳಿದವರಿಗೆ ನಕಲು ಮಾಡಿ ಕಳಿಸುತ್ತದೆ, ಅಷ್ಟೆ. ಹೀಗಾಗಿ ಪ್ರೊಸೆಸರ್ ಮೇಲೆ ಭಾರ ಕಡಿಮೆ, ಅಪ್‌ಲೋಡ್ ಮೇಲೆ ಹೆಚ್ಚು. 40 ಕಿಲೊಬಿಟ್ ಧ್ವನಿಯನ್ನು 20 ಮಿಲಿಸೆಕೆಂಡಿನ ತುಂಡುಗಳಾಗಿ ಕಳಿಸಿದರೆ ಸೆಕೆಂಡಿಗೆ 50 ಪ್ಯಾಕೆಟ್. ಪ್ರತಿಯೊಂದಕ್ಕೂ ಐಪಿ, ಯೂಡಿಪಿ ತಲೆಬರಹ ಸೇರಿ 28 ಬೈಟ್, ಅಂದರೆ ಸೆಕೆಂಡಿಗೆ 11.2 ಕಿಲೊಬಿಟ್ ಹೆಚ್ಚುವರಿ. ಇತರೆ ಸಣ್ಣಪುಟ್ಟದ್ದೂ ಸೇರಿ ಒಟ್ಟು 55 ಕಿಲೊಬಿಟ್ ಎಂದಿಟ್ಟುಕೊಳ್ಳಿ. 25 ಜನರ ಚಾನೆಲ್‌ನಲ್ಲಿ ಒಬ್ಬರು ಮಾತಾಡಿದರೆ 24 ನಕಲು, ಸುಮಾರು 1.3 ಮೆಗಾಬಿಟ್, ಬಿಡದೆ ಒಂದು ಗಂಟೆ ಮಾತಾಡಿದರೆ 0.6 ಜಿಬಿ. ತುಂಡನ್ನು 10 ಮಿಲಿಸೆಕೆಂಡಿಗೆ ಇಳಿಸಿದರೆ ವಿಳಂಬ ಕೊಂಚ ತಗ್ಗುತ್ತದೆ, ತಲೆಬರಹದ ಭಾರ ಎರಡರಷ್ಟಾಗುತ್ತದೆ. ವಾಯ್ಸ್ ಆಕ್ಟಿವೇಶನ್ (ಸದ್ದು ಕೇಳಿದೊಡನೆ ತಾನೇ ಕಳಿಸುವ ವಿಧಾನ) ಇಟ್ಟವರ ಫ್ಯಾನ್ ಸದ್ದೂ ‘ಮಾತು’ ಎಂದೇ ಹೋಗುತ್ತದೆ. ಒಂದು ಚಾನೆಲ್‌ನಲ್ಲಿ ಅಂಥವರು ಮೂವರಿದ್ದರೆ ಈ ಅಂಕಿಗಳನ್ನು ಮೂರರಿಂದ ಗುಣಿಸಿ. ಗಿರಾಕಿಗೆ ಪುಷ್ ಟು ಟಾಕ್ (ಗುಂಡಿ ಒತ್ತಿದಾಗ ಮಾತ್ರ ಧ್ವನಿ ಹೋಗುವ ವಿಧಾನ) ಹೇಳಿಕೊಡುವುದು ನಿಮ್ಮ ಲಾಭಕ್ಕೂ ಒಳ್ಳೆಯದು.

ವಿಪಿಎಸ್ (ಬಾಡಿಗೆಯ ವರ್ಚುವಲ್ ಯಂತ್ರ) ಆರಿಸುವಾಗ ಕೋರ್‌ಗಳ ಸಂಖ್ಯೆಗಿಂತ ಸ್ಟೀಲ್ ಟೈಮ್ ನೋಡಿ. ಅಕ್ಕಪಕ್ಕದ ಬಾಡಿಗೆದಾರರು ಪ್ರೊಸೆಸರ್ ಕಸಿದರೆ ಪ್ಯಾಕೆಟ್‌ಗಳು ಏರುಪೇರಾಗಿ ಹೊರಟು ರೋಬೋಟ್ ದನಿ ಬರುತ್ತದೆ. ಸೋತ ತಂಡದ ಸಿಟ್ಟಿಗೆ ಡಿಡಾಸ್ ದಾಳಿ (ಎಲ್ಲೆಡೆಯಿಂದ ಟ್ರಾಫಿಕ್ ಸುರಿದು ಸರ್ವರ್ ಕೆಡಹುವುದು) ಈ ವ್ಯವಹಾರದಲ್ಲಿ ಮಾಮೂಲು. ರಕ್ಷಣೆ ಇಲ್ಲದ ಒಂದೇ ಐಪಿಗೆ ಎಲ್ಲ ಗಿರಾಕಿಗಳನ್ನೂ ತುಂಬಿದರೆ ಒಬ್ಬರ ಜಗಳಕ್ಕೆ ಎಲ್ಲರೂ ಮುಳುಗುತ್ತಾರೆ. ಗಿರಾಕಿಗೆ ಐಪಿ ಬದಲು ಹೆಸರು ಕೊಟ್ಟು ಎಸ್‌ಆರ್‌ವಿ ದಾಖಲೆ (ಹೆಸರನ್ನು ಸರ್ವರ್‌ಗೂ ಪೋರ್ಟಿಗೂ ಜೋಡಿಸುವ ಡಿಎನ್‌ಎಸ್ ನಮೂದು) ಇಟ್ಟರೆ, ಸರ್ವರ್ ಸ್ಥಳಾಂತರಿಸಿದರೂ ಅವರು ಏನನ್ನೂ ಬದಲಿಸಬೇಕಿಲ್ಲ. ಎರಡು ತಂತ್ರಾಂಶಗಳೂ ಇದನ್ನು ಒಪ್ಪುತ್ತವೆ.

2015ರಿಂದ ಡಿಸ್ಕಾರ್ಡ್ ಉಚಿತವಾಗಿ ಸಿಗುತ್ತಿರುವಾಗ ಹಣ ಕೊಟ್ಟು ಬರುವವರು ಸ್ವಂತ ಹಿಡಿತಕ್ಕೋ, ಆಟದೊಳಗಿನ ದಿಕ್ಕಿಗೆ ತಕ್ಕಂತೆ ಧ್ವನಿ ಕೇಳಿಸುವ ಮಂಬಲ್‌ನ ಪೊಸಿಷನಲ್ ಆಡಿಯೊಗೋ ಬರುತ್ತಾರೆ. ಅಂಥವರಿಗಾಗಿ ಮಂಬಲ್‌ನಿಂದ ಶುರುಮಾಡಿ, ಕೇಳುವವರು ಸಾಕಷ್ಟಾದ ಮೇಲೆ ಟೀಮ್‌ಸ್ಪೀಕ್ ಲೈಸೆನ್ಸ್ ಕೊಳ್ಳುವುದು ನಮ್ಮ ಸಲಹೆ. ಬ್ಯಾಕಪ್ ಮಾತ್ರ ಮೊದಲ ದಿನದಿಂದಲೇ ಬೇಕು: ಎರಡೂ ಡಿಫಾಲ್ಟ್ ಆಗಿ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಫೈಲ್‌ನಲ್ಲೇ ಎಲ್ಲವನ್ನೂ ಇಡುತ್ತವೆ. ಮಂಬಲ್ ತಾನೇ ಹುಟ್ಟಿಸಿಕೊಂಡ, ಸರ್ವರ್‌ನ ಗುರುತು ತೋರಿಸುವ ಸರ್ಟಿಫಿಕೇಟ್ ಕೂಡ ಅದರೊಳಗೇ ಇರುವುದರಿಂದ, ಆ ಫೈಲ್ ಕಳೆದುಕೊಂಡು ಹೊಸದಾಗಿ ಎಬ್ಬಿಸಿದ ದಿನ ಪ್ರತಿ ಗಿರಾಕಿಯ ತೆರೆಯ ಮೇಲೂ ಸರ್ಟಿಫಿಕೇಟ್ ಎಚ್ಚರಿಕೆ ಏಳುತ್ತದೆ.